ರುದ್ರವ್ವ ಹಾಸುವ ಕಡಲತಳ

ಬೆಳಗಿನ ಆರೂಕಾಲು. ಮುಂಬಯಿಯ ಪವಾಯಿ ಕೆರೆಯ ಆಚೆ ಓಣಿಯೊಂದರ ತಗಡಿನ ಶೆಡ್ಡಿನಲ್ಲಿ ಉದ್ದನೆಯ ಗಾಜಿನ ಕಾಲುವೆ. ಮೂವತ್ತು ಮೀಟರ್ ಉದ್ದ, ಒಂದು ಮೀಟರ್ ಅಗಲ. ನೀರು ಬಸಿದು ಹೋಗಿದೆ. ಅದರೊಳಗೆ ಮಣೆ ಹಾಕಿಕೊಂಡು ಐವತ್ತಾರು ವರ್ಷದ ರುದ್ರವ್ವ ಕೂತಿದ್ದಾರೆ. ಬೆನ್ನ ಹಿಂದೆ ಕಲ್ಲಿನ ಬುಟ್ಟಿ. ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚುತ್ತಾರೆ, ಸಿಕ್ಕ ಕಲ್ಲನ್ನು ಸಿಕ್ಕ ಮಗ್ಗುಲಲ್ಲೇ ಇಟ್ಟು ಅಲುಗದಂತೆ ಒತ್ತುತ್ತಾರೆ. ನಿಂಬೆಹಣ್ಣಿನಷ್ಟು ಒಂದು, ತೆಂಗಿನಕಾಯಿಯಷ್ಟು ಅದರ ಪಕ್ಕದ್ದು.

ಇದೊಂದು ಖಾಸಗಿ ಪ್ರಯೋಗಶಾಲೆ. ಕಾಲುವೆಯ ಒಂದು ತುದಿಯಲ್ಲಿ ಹಲಗೆಯೊಂದು ಹಿಂದೆಮುಂದೆ ಆಡಿ ಅಲೆ ಎಬ್ಬಿಸುತ್ತದೆ. ನಡುವೆ ಆರು ಮೀಟರ್, ರುದ್ರವ್ವ ಹಾಸಿದ ಕಲ್ಲು. ದಂಡೆಗೆ ಗೋಡೆ ಕಟ್ಟುವ ಮುನ್ನ, ಅಲ್ಲಿನ ಸಮುದ್ರದ ಒರಟು ತಳ ತಾನಾಗಿಯೇ ಅಲೆಯನ್ನು ಎಷ್ಟು ತಗ್ಗಿಸುತ್ತದೆ ಎಂದು ಇಲ್ಲಿ ಅಳೆದು ನೋಡುತ್ತಾರೆ. ಕಲ್ಲಿನ ಸಂದಿಗಳಲ್ಲಿ ನೀರು ತಿಕ್ಕಾಡಿ ಸುಳಿಯಾಗುತ್ತದೆ; ಸುಳಿಗೆ ಹೋದ ಬಲ ಅಲೆಗೆ ಮರಳುವುದಿಲ್ಲ. ರುದ್ರವ್ವ ಇದನ್ನು ಹೇಳುವ ರೀತಿ ಬೇರೆ. “ನೇಗಿಲ ಹೊಡದ ಹೊಲದಾಗ ಓಡಿ ನೋಡ್ರಿ, ನಾಕ ಹೆಜ್ಜಿಗೆ ಕಾಲು ಸೋಲತಾವ. ಡಾಂಬರ ರೋಡಿನ್ಯಾಗ ಸೋಲಂಗಿಲ್ಲ. ನೀರಿಂದೂ ಅಷ್ಟ.”

ಊರು ವಿಜಯಪುರದ ಇಂಡಿ ಕಡೆ. ಗಂಡ ಕಾಶಪ್ಪನವರ ಜೊತೆ ಮುಂಬಯಿಗೆ ಬಂದು ಮೂವತ್ತೊಂದು ವರ್ಷ. ಮನೆ ದಹಿಸರ್‌ನ ಚಾಳಿನಲ್ಲಿ. ನಾಲ್ಕೂ ಐವತ್ತರ ಲೋಕಲ್ ಹಿಡಿದು ಅಂಧೇರಿಗೆ ಬಂದು, ಅಲ್ಲಿಂದ ಬಸ್ಸು. ಮೊದಲ ಇಪ್ಪತ್ತೆರಡು ವರ್ಷ ಬಿಲ್ಡಿಂಗ್ ಕೆಲಸಗಳಲ್ಲಿ ಸೋಲಿಂಗ್ ಮಾಡಿದವರು. ನೆಲಕ್ಕೆ ಕಾಂಕ್ರೀಟ್ ಹಾಕುವ ಮೊದಲು ಅಡಿಯಲ್ಲಿ ಕಲ್ಲು ಜೋಡಿಸುವ ಕೆಲಸ ಅದು. ದಾರ ಕಟ್ಟಿ, ಸಂದಿಗೆ ಖಡಿ, ಅಂದರೆ ಸಣ್ಣ ಜಲ್ಲಿ, ತುಂಬಿ, ಸಪಾಟು ಮಾಡಬೇಕು. ಎಲ್ಲಾದರೂ ಉಬ್ಬಿದ್ದರೆ ಮಿಸ್ತ್ರಿ ಕಾಲಿನಿಂದ ಒದ್ದು ಕೀಳಿಸುತ್ತಿದ್ದ. ಆಗ ಜಜ್ಜಿಹೋದ ಎಡ ಹೆಬ್ಬೆರಳಿನ ಉಗುರು ಇನ್ನೂ ನೆಟ್ಟಗೆ ಬೆಳೆದಿಲ್ಲ.

ಒಂಬತ್ತು ವರ್ಷದ ಹಿಂದೆ ಇದೇ ಶೆಡ್ಡಿನ ನೆಲಕ್ಕೆ ಕಲ್ಲು ಹಾಸಲು ಬಂದವರು ಇಲ್ಲೇ ಉಳಿದರು. ಆದರೆ ಕಾಲುವೆಗೆ ಇಳಿದ ಮೊದಲ ದಿನ ಕೈ ತನಗೆ ಗೊತ್ತಿದ್ದುದನ್ನೇ ಮಾಡಿತು. ಒಂದು ಕಲ್ಲೂ ಮೇಲೇಳದಂತೆ ಜೋಡಿಸಿ, ಸಂದಿಗಳಿಗೆಲ್ಲ ಚೂರು ತುಂಬಿ, ಗುಡಿಸಿ ಮೇಲೆ ಬಂದರು. ಅಲೆ ಬಂದದ್ದು ಹಾಗೇ ಜಾರಿಕೊಂಡು ಹೋಯಿತು. ಅಲೆಯ ಯಂತ್ರ ನಡೆಸುವ ಉಡುಪಿ ಕಡೆಯ ತಿಲಕ್ ಅಂದು ಕೇಳಿದ್ದನ್ನು ಇಂದಿಗೂ ಕೇಳುತ್ತಾರೆ: “ಎಂತ ರುದ್ರಮ್ಮ, ಇದು ಕಡಲಾ, ಮದುವೆಗೆ ಅಂಗಳ ಮಾಡಿದ್ದಾ?” ಹಿಂದೆ ನೋಡದೆ ಕಲ್ಲು ತೆಗೆಯುವ ಪದ್ಧತಿ ಆಮೇಲೆ ರುದ್ರವ್ವ ತಾವೇ ಕಂಡುಕೊಂಡದ್ದು. ಕಣ್ಣಿಗೆ ಬಿದ್ದರೆ ಕೈ ಆರಿಸಲು ತೊಡಗುತ್ತದೆಯಂತೆ.

ಒಂದು ಸಲಕ್ಕೆ ಸುಮಾರು ಒಂಬೈನೂರು ಕಲ್ಲು. ವಾರಕ್ಕೆ ಎರಡು ಸಲ ಎತ್ತಿ, ಲೋಳೆ ತೊಳೆದು, ಮತ್ತೆ ಹಾಸುವುದು. ಇನ್ನು ಅದು ಇರುವುದಿಲ್ಲ. ಬರುವ ಶನಿವಾರ ಈ ಹಾಸಿನ ಅಚ್ಚು ತೆಗೆಯುತ್ತಾರೆ. ಮುಂದೆ ಅದರಿಂದ ಎರಕ ಹೊಯ್ದ ಸಿಮೆಂಟ್ ಚಪ್ಪಡಿಗಳನ್ನು ಇಳಿಸಿದರೆ ಸಾಕು. ತಮ್ಮ ಗತಿಯೇನೆಂದು ರುದ್ರವ್ವ ಕೇಳಿದ್ದಾರೆ. ಗುಡಿಸಿ ತೊಳೆಯುವುದು ಇದ್ದೇ ಇದೆಯಲ್ಲ ಎಂದು ಉತ್ತರ ಬಂದಿದೆ.

ಅವರ ಚಿಂತೆ ಬೇರೆಯೇ. ಬುಧವಾರ ನೀರು ಬಸಿದ ಮೇಲೆ ಅಂಗೈ ಆಡಿಸಿದಾಗ ಕೊನೆಯ ಎರಡು ಮೊಳ ಕೈಗೆ ಸಪಾಟು ಅನಿಸಿತು. ಬೆನ್ನುನೋವಿನ ಮಧ್ಯಾಹ್ನ ಹಾಸಿದ ಭಾಗ ಅದು. ಕೈ ಹಳೆಯ ರೂಢಿಗೆ ಜಾರಿತ್ತು. ಕಿತ್ತು ಹಾಸುತ್ತೇನೆಂದರೆ ಎಂಜಿನಿಯರ್ ಸೌಮ್ಯಾ ಒಪ್ಪಲಿಲ್ಲ. ಮುಂಬಯಿಯಲ್ಲೇ, ಸಯನ್‌ನಲ್ಲಿ ಹುಟ್ಟಿ ಬೆಳೆದವರು, ಕನ್ನಡ ತಡೆತಡೆದು ಬರುತ್ತದೆ. ಹತ್ತು ಸೆಂಟಿಮೀಟರಿನ ಅಲೆ ಕಲ್ಲು ದಾಟಿ ಏಳು ಪಾಯಿಂಟ್ ಒಂದಕ್ಕೆ ಇಳಿದದ್ದು ಆಗಲೇ ದಾಖಲಾಗಿದೆ. ಕಿತ್ತರೆ ಎರಡು ದಿನದ ಪರೀಕ್ಷೆಯೆಲ್ಲ ಮತ್ತೆ.

“ರೀಡಿಂಗ್ ಠೀಕ್ ಬಂದಿದೆ ಮೌಶಿ. ಮತ್ತೆ ಯಾಕೆ ತಕ್ಲೀಫ್ ತಗೊಳ್ತೀರಿ?”

“ಅಚ್ಚು ಹತ್ತ ವರ್ಷ ಬಾಳತೈತಿ ಅಂತೀರಿ, ಮ್ಯಾಡಮ್. ನನ್ನ ತಪ್ಪು ಅದರಾಗ ಕುಂತ್ರ ಹತ್ತ ವರ್ಷ ಸುಳ್ಳ ಹೇಳತೈತಿ.”

ಸೌಮ್ಯಾ ಗುರುವಾರ ಒಂಬತ್ತರವರೆಗೆ ಸಮಯ ಕೊಟ್ಟರು. ಇವತ್ತು ಗುರುವಾರ.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಕೊನೆಯ ಕಲ್ಲು ಕೂರುತ್ತದೆ. ನೀರು ತುಂಬಲು ಒಂದೂವರೆ ಗಂಟೆ. ತಿಲಕ್ ಸ್ವಿಚ್ ಒತ್ತುತ್ತಾರೆ. ಗಾಜಿನಾಚೆ ಅಲೆ ಕಲ್ಲಿನ ಮೇಲೆ ಬಂದು, ತಗ್ಗಿ, ದಾಟಿ ಹೋಗುತ್ತದೆ. ಸೌಮ್ಯಾ ಮೂರು ಸಲ ಅಳೆಯುತ್ತಾರೆ. ಮೂರು ಸಲವೂ ಆರು ಪಾಯಿಂಟ್ ಎಂಟು. ಮೂರು ಮಿಲಿಮೀಟರ್ ವ್ಯತ್ಯಾಸ. ಬುಧವಾರದ ಹಾಳೆಗೆ ಅಡ್ಡಗೆರೆ ಎಳೆದು, ಎಲ್ಲವೂ ಮೊದಲಿನಿಂದ ಎನ್ನುತ್ತಾರೆ. ಎರಡು ದಿನ ಹೋಯಿತೆಂದು ತಿಲಕ್ ಗೊಣಗುತ್ತಾರೆ.

ರುದ್ರವ್ವ ಖಾಲಿ ಬುಟ್ಟಿ ತೊಳೆದು ಬಿಸಿಲಿಗೆ ಇಡುತ್ತಾರೆ, ರೊಟ್ಟಿಯ ಗಂಟು ಬಿಚ್ಚುತ್ತಾರೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ರೊಟ್ಟಿ ಮುರಿಯುತ್ತಾ ಹೇಳುತ್ತಾರೆ.

“ಶನಿವಾರ ನಂಗ ಸೂಟಿ ಐತ್ರಿ. ಆದ್ರೂ ಬಂದು ಇಲ್ಲೇ ಕುಂದರತೀನಿ. ಅಚ್ಚು ತಗಿಯಾಕ ಬರೋರಾಗ ಯಾರರೆ ಮಿಸ್ತ್ರಿ ಇದ್ದರ, ಇದನ್ನ ನೋಡಿ ಅವಂಗ ತಡ್ಕೊಳ್ಳಾಕ ಆಗಂಗಿಲ್ಲ. ಸಪಾಟ ಮಾಡಿಬಿಡತಾನ.”