ಬರೆಯದ ಕಾನೂನಿನ ಕೆಲ್ವಿನ್

ರಾತ್ರಿ ಒಂಬತ್ತರ ಮೇಲೆ ಒಲೆ ಹಚ್ಚಬಾರದೆಂದು ಗೋಡೆಗೆ ಬರೆದು ಅಂಟಿಸಿದ್ದ ತನ್ನ ರೂಲಿಗೆ, ಹೆಂಡತಿ ಗುಣವತಿಯ ಎದುರೇ, ‘ಅದು ಬರೆದದ್ದು ಹೌದು ಅಂಕಲ್, ನ್ಯಾಯ ಅಲ್ಲ’ ಎಂದ ಮನೆಯಲ್ಲಿ ಬಾಡಿಗೆಗಿದ್ದ ಹುಡುಗ ಕೆಲ್ವಿನ್ ಮೇಲೆ ವಿದೇಶದ ಕ್ಲೇಟನ್ ಊರಿನಲ್ಲಿ ನೆಲೆಸಿದ ದೂಮಪ್ಪನಿಗೆ ಇನ್ನೂ ಸಿಟ್ಟಿದೆ. ಯೂನಿವರ್ಸಿಟಿಯಲ್ಲಿ ಅಮೆರಿಕದ ಸಂವಿಧಾನ ಓದುತ್ತಿದ್ದವನಿಗೆ ಬಾಯಿ ತೆರೆದರೆ ಅದೇ ಮಾತು. ‘ಅದರಲ್ಲಿ ಗುಲಾಮಗಿರಿಗೂ ಜಾಗ ಇತ್ತು ಅಂಕಲ್. ಬರೆದದ್ದೇ ಸಾಕು ಅಂತ ಅಲ್ಲಿಯ ಸಂಪ್ರದಾಯವಾದಿಗಳಲ್ಲಿ ಕೆಲವರು. ಅದಕ್ಕಿಂತ ಮೇಲೆ, ಮನುಷ್ಯನ ಬುದ್ಧಿಗೇ ತಿಳಿಯುವ ಕಾನೂನು ಉಂಟು ಅಂತ ಇನ್ನು ಕೆಲವರು.’ ‘ಊರಲ್ಲಿ ಮೈಮೇಲೆ ಬಂದು ನಮ್ಮ ದೈವ ಹೇಳುವ ನುಡಿಯನ್ನು ಯಾರು ಬರೆದಿಟ್ಟಿದ್ದಾರೆ ಮಾರಾಯ?’ ಎಂದು ದೂಮಪ್ಪ ಗದರಿದರೆ, ‘ಅದೇ ಅಂಕಲ್, ಅದೇ!’ ಎಂದು ಕುಣಿಯುತ್ತಿದ್ದ. ಹಾಲು ಉಕ್ಕಿದರೆ ನ್ಯಾಯವಾಗಿ ಯಾರು ಒರೆಸಬೇಕೆಂದು ಅವನು ವಾದಿಸಿ ಮುಗಿಸುವಷ್ಟರಲ್ಲಿ ಗುಣವತಿ ಒಲೆ ಒರೆಸಿ ಚಹಾ ಕೊಟ್ಟಿರುತ್ತಿದ್ದಳು. ಇಂಥವನನ್ನು ದೂಮಪ್ಪ ಒಮ್ಮೆ ಆಸ್ಪತ್ರೆಯಲ್ಲಿ ತೋಳು ಹಿಡಿದು ನಿಲ್ಲಿಸಿದ. ಯಂತ್ರದ ಉಸಿರಿನಲ್ಲಿದ್ದ ದೂಮಪ್ಪನ ತಮ್ಮನಿಗೆ ಇನ್ನು ಎಚ್ಚರವಾಗದು, ಯಂತ್ರ ನಿಲ್ಲಿಸಲು ಕಾನೂನಿನ ಅಡ್ಡಿಯಿಲ್ಲ, ನೀವೇ ಹೇಳಿ ಎಂದಿದ್ದರು ಡಾಕ್ಟರು. ‘ಕಾನೂನು ಬಿಡು. ಸರಿ ಯಾವುದು, ಅದು ಹೇಳು’ ಎಂದ ದೂಮಪ್ಪ. ಕೆಲ್ವಿನ್, ‘ಯೋಚಿಸಿ ಹೇಳ್ತೇನೆ ಅಂಕಲ್’ ಎಂದ. ಕೊನೆಗೆ ‘ನಿಲ್ಲಿಸಿ’ ಎಂದವನು ದೂಮಪ್ಪನೇ. ಕೆಲ್ವಿನ್ ಈಗ ಸಿಡ್ನಿಯಲ್ಲಿ ಪಾಠ ಹೇಳುತ್ತಾನೆ. ಫೋನು ಮಾಡಿದಾಗಲೆಲ್ಲ, ದೂಮಪ್ಪ ಕೇಳದಿದ್ದರೂ, ‘ಇನ್ನೂ ಯೋಚಿಸ್ತಾ ಇದ್ದೇನೆ ಅಂಕಲ್’ ಎನ್ನುತ್ತಾನೆ.