ತೊಗರಿ ಹೊಟ್ಟು, ಹೊಸ ಫಿಲ್ಟರ್

ಮೊದಲೇ ಹೇಳಿಬಿಡುತ್ತೇನೆ: ಅಪ್ಪನ ಹಳೇ ಡೀಸೆಲ್ ಕಾರಿನ ಏರ್ ಫಿಲ್ಟರ್ ಬದಲಿಸಿದವನು ನಾನೇ. ಅದೂ ಬರೀ ಸಪ್ಪಳದ ಆಸೆಗೆ. ಊರ ಮಂದಿಯನ್ನೆಲ್ಲ ಅಣಕಿಸಿ ತೋರಿಸುವ ನನಗೆ ನಮ್ಮ ಕಾರಿನ ದನಿ ಮಾತ್ರ ನಾಚಿಕೆ ತರುತ್ತಿತ್ತು. ಚಾಲೂ ಮಾಡಿದರೆ ತಂಬಾಕದ ಮುದುಕ ಕೆಮ್ಮಿದಂಗ. ಇಂಡಿಯ ಚಹಾದಂಗಡಿಯಲ್ಲಿ ಆ ಕೆಮ್ಮನ್ನೂ ಅಣಕಿಸಿ ಎಲ್ಲರನ್ನೂ ನಗಿಸಿದ್ದೆ. ಹೊರಗೆ ನಿಂತದ್ದು ನಮ್ಮದೇ ಕಾರು ಅಂತ ನೆನಪಾಗಿ ನನಗೊಬ್ಬನಿಗೇ ನಗು ಬರಲಿಲ್ಲ.

ಕಾರಿನ ಜೋಡಿ ಬಂದ ಫಿಲ್ಟರ್ ಅಂದರೆ ಒಂದು ಕಬ್ಬಿಣದ ಡಬ್ಬಿ. ತಳದಲ್ಲಿ ಎಣ್ಣೆ. ಗಾಳಿಯಲ್ಲಿ ಬಂದ ಧೂಳೆಲ್ಲ ಆ ಎಣ್ಣೆಗೆ ಅಂಟಿ ಕೆಸರಾಗುತ್ತಿತ್ತು. ಕೆಸರು ಚೆಲ್ಲಿ, ಚಿಮಣಿ ಎಣ್ಣೆಯಲ್ಲಿ ತೊಳೆದು, ಹೊಸ ಎಣ್ಣೆ ಹಾಕುವ ಹೊಲಸು ಕೆಲಸ ನನ್ನದು. ಸೊಲ್ಲಾಪುರದ ಒಂದು ಅಂಗಡಿಯಲ್ಲಿ ಬೇರೆ ನಮೂನಿಯದು ತೂಗುಹಾಕಿದ್ದರು. ಕೆಂಪು ಬಟ್ಟೆಯದು, ಶಂಕುವಿನ ಆಕಾರ, ಮೇಲೆ ಡಬ್ಬಿಯಿಲ್ಲ, ಮುಚ್ಚಳವಿಲ್ಲ. ಪಿಕಪ್ ಹೆಚ್ಚುತ್ತದೆ ಅಂದ ಅಂಗಡಿಯವನು, ನಿಮ್ಮ ಕಡೆ ಧೂಳು ಹೆಂಗ ಅಂತಲೂ ಕೇಳಿದ. ಡಾಂಬರ ರಸ್ತೆ ಐತ್ರಿ ಅಂದೆ. ಸುಳ್ಳಲ್ಲ. ಆ ಡಾಂಬರಿನ ಮೇಲೆ ಸುಗ್ಗಿಯಲ್ಲಿ ಏನು ಹಾಸಿರುತ್ತಾರೆ ಅಂತ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಹೊಸದು ಕೂತ ಮೇಲೆ ಕಾರು ಗುರ್ರೆಂದಿತು. ಸರ್ವಿಸ್ ಮಾಡಿಸೀನಿ ಅಂತ ಅಪ್ಪನಿಗೆ ಹೇಳಿದೆ. ಹಳೇ ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತಿ ಡಿಕ್ಕಿಯೊಳಗೆ ಬಚ್ಚಿಟ್ಟೆ.

ಮರುವಾರವೇ ಅಕ್ಕನನ್ನು ಕರೆತರಲು ಅವ್ವನ ಜೊತೆ ಮುದ್ದೇಬಿಹಾಳಕ್ಕೆ ಹೋದೆ. ಬಸುರಿಗೆ ಮಾಡುವ ಕುಬಸ ಮುಗಿದಿತ್ತು, ಹೆರಿಗೆಗೆ ತವರಿಗೆ ಬರಬೇಕಿತ್ತು. ಹಿಂದಿನ ಸಲ ಏಳನೇ ತಿಂಗಳಲ್ಲೇ ಹೆರಿಗೆಯಾಗಿ ಕೂಸು ಉಳಿದಿರಲಿಲ್ಲ. ಅದಕ್ಕೇ ಬಸ್ಸು ಬೇಡ, ಕುಲುಕಾಟ ಬೇಡ, ಹಾದಿಯಲ್ಲಿ ಎಲ್ಲೂ ನಿಲ್ಲುವುದು ಬೇಡ ಅಂತ ಅವ್ವ ಕಾರೇ ಹೊರಡಿಸಿದ್ದಳು.

ಬಸವನ ಬಾಗೇವಾಡಿ ದಾಟುವತನಕ ನಾನು ಅಕ್ಕನ ಅತ್ತೆಯನ್ನು ಅಣಕಿಸುತ್ತಿದ್ದೆ. ಅವರು ಸೊಸೆಯನ್ನು ಕಳಿಸುವಾಗ ಒಂದು ಕಣ್ಣು ಒರೆಸಿಕೊಳ್ಳುತ್ತ, ಇನ್ನೊಂದು ಕಣ್ಣು ಬುತ್ತಿ ಕಟ್ಟಿಕೊಟ್ಟ ಸ್ಟೀಲ್ ಡಬ್ಬಿ ಮೇಲೆ ಇಟ್ಟು, ಇದನ್ನ ತಿರುಗಿ ಕಳಸ್ರಿ ಅಂದಿದ್ದರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಿಸಬ್ಯಾಡೋ ಅಂತ ಅವ್ವ ಹಿಂದಿನಿಂದ ನನ್ನ ಹೆಗಲಿಗೆ ಗುದ್ದಿದಳು.

ಸಿಂದಗಿ ಹಾದಿ ಹಿಡಿದ ಮೇಲೆ ಶುರುವಾಯಿತು. ರಸ್ತೆಯ ಅಗಲಕ್ಕೂ ರೈತರು ತೊಗರಿ ಹಾಸಿದ್ದರು, ಹೋಗಿಬರುವ ಗಾಡಿಗಳ ಗಾಲಿಯೇ ತುಳಿದು ಕಾಳು ಬಿಡಿಸಿ ಅವರ ರಾಶಿ ಮಾಡಿಕೊಡಬೇಕು. ಮುಂದೆ ಲಾರಿ, ಹಿಂದೆ ನಾವು, ನಡುವೆ ಬರೀ ಹೊಟ್ಟು. ಅವ್ವ ಅಕ್ಕನ ಮುಖಕ್ಕೆ ಸೆರಗು ಮುಚ್ಚಿದಳು, ನಾನು ಮೂಗು ಬಾಯಿಗೆ ಟವಲ್ ಸುತ್ತಿಕೊಂಡೆ. ಒಂದು ಹಾಸು ದಾಟಿದರೆ ಇನ್ನೊಂದು. ಒಬ್ಬ ರೈತ ಕೈ ಅಡ್ಡ ಮಾಡಿ, ಕಾರು ಭಾರ ಐತಿ, ಒಂದೀಟು ಹಿಂದಮುಂದ ಆಡಸ್ರಿ ಸಾಹೇಬ್ರ ಅಂದ. ಸಾಹೇಬ್ರ ಅಂದನಲ್ಲ, ಆಡಿಸಿದೆ.

ಅಲ್ಲಿಂದ ಮುಂದೆ ಕಾರಿನ ಜೀವ ಹೋಗತೊಡಗಿತು. ಎಷ್ಟು ಒತ್ತಿದರೂ ಎಳೆಯದು, ಹಿಂದೆ ಕರೀ ಹೊಗೆ. ಒಂದು ಏರಿನಲ್ಲಿ ನಿಂತೇಬಿಟ್ಟಿತು. ಇಂಜಿನ್ ಕಾದೈತಿ ಅಂತ ಅವ್ವನಿಗೆ ಹೇಳಿ ಬಾನೆಟ್ ಎತ್ತಿದೆ. ಕೆಂಪು ಬಟ್ಟೆ ಕಾಣಲೇ ಇಲ್ಲ. ಹೊಟ್ಟು, ಧೂಳು ದಪ್ಪಗೆ ಮೆತ್ತಿಕೊಂಡಿತ್ತು. ಬಡಿದೆ, ಟವಲ್ ಜಗ್ಗಿ ಉಫ್ ಅಂತ ಊದಿ ಮತ್ತೆ ಸುತ್ತಿಕೊಂಡೆ, ಫಿಲ್ಟರ್ ತಿರುಗಿ ಕೂರಿಸಿದೆ. ತುಸು ದೂರ ಹೋಗಿ, ಮುಂದಿನ ಹಾಸು ದಾಟಿದ್ದೇ ಮತ್ತೆ ನಿಂತಿತು. ಸಣ್ಣ ಧೂಳು ಒಳಗೇ ಹೋಗಿದ್ದರೆ ಇಂಜಿನ್ನೇ ಹಾಳು ಅನ್ನುವ ಅಂಜಿಕೆ ಬೇರೆ. ಡಿಕ್ಕಿ ತೆಗೆದರೆ ಹಳೇ ಡಬ್ಬಿಯೂ ಇತ್ತು, ಎಣ್ಣೆ ಕ್ಯಾನೂ ಇತ್ತು. ಆದರೆ ತೆಗೆದರೆ ಅವ್ವನ ಮುಂದೆ ನನ್ನ ಕಥೆಯೆಲ್ಲ ಹೊರಬೀಳುತ್ತಿತ್ತು. ಸ್ಕ್ರೂಡ್ರೈವರ್ ಹಿಡಿದು, ಏನೋ ಮಾಡುವವನಂತೆ ಬಾನೆಟ್ ಮರೆಗೆ ನಿಂತೇ ಇದ್ದೆ.

ಅಷ್ಟರಲ್ಲಿ ಅಕ್ಕ ನಡಾ ಹಿಡಿದುಕೊಂಡು ಕೆಳಗಿಳಿದಳು. ಏನಿಲ್ಲ, ಕುಂತು ಕುಂತು ಬೆನ್ನು ಸೆಳದೈತಿ ಅಂದಳು. ಹಿಂದಿನ ಸಲವೂ ಮೊದಲಿಗೆ ಹಿಂಗೇ ಅಂದಿದ್ದಳು. ಅವ್ವನ ಮುಖ ಇಳಿದುಹೋಯಿತು. ಆ ಹಾದಿಯಲ್ಲಿ ಒಂದು ಬಸ್ಸೂ ಕಾಣಲಿಲ್ಲ.

ಅಕ್ಕ ನಡೆದು ಬಂದು ಬಾನೆಟ್ ಪಕ್ಕ ನಿಂತಳು.

"ನಿನ್ನ ಬಾಯಿ ಬಂದ್ ಆಗೇತಿ ಅಂದ್ರ ಏನೋ ಘಾತ ಮಾಡೀದಿ. ಏನ್ ಮಾಡೀದಿ, ಹೇಳು."

ಹೇಳಿದೆ. ಎಲ್ಲ ಹೇಳಿದೆ. ಅವ್ವ ಬೈಯಲಿಲ್ಲ, ಗೋಣಿಚೀಲ ತಾ ಅಂದಳು ಅಷ್ಟೇ. ಮುಂದೆ ಹಳೇ ಡಬ್ಬಿ ಕೂರಿಸಿಕೊಂಡು ಕೆಮ್ಮುತ್ತ ಕೆಮ್ಮುತ್ತ, ಹೊತ್ತು ಮುಳುಗುವುದರೊಳಗೆ ಸಿಂದಗಿ ದಾಟಿದೆವು. ಅಕ್ಕನ ಬೆನ್ನುನೋವು ಬೆನ್ನುನೋವೇ ಆಗಿತ್ತು, ಇಂಡಿ ಬರುವ ಹೊತ್ತಿಗೆ ಇಳಿದಿತ್ತು. ಆದರೆ ಅದಕ್ಕೆ ಮೊದಲು, ಅದೇ ಏರಿನಲ್ಲಿ, ಸೋತ ಮೇಲೂ ವಾದ ಬಿಡದ ನಾನು ಸೊಲ್ಲಾಪುರದ ಅಂಗಡಿಯವನ ದನಿ ತೆಗೆದಿದ್ದೆ. ಅವನ ಮರಾಠಿ ಎಳೆತದ ಸಮೇತ, ತೊಳೆದು ಇದನ್ನೇ ಹಾಕೋಣ, ಡಬ್ಬಿಯೊಳಗ ಉಸುರು ಕಟ್ಟತೈತಿ, ಇಂಜಿನ್ ಅಡ್ಡಿಲ್ಲದ ಮೋಕಳೀಕ ಉಸುರಾಡಬೇಕ್ರಿ ಅಂದೆ. ಅಕ್ಕ ನನ್ನ ಮುಖವನ್ನೇ ನೋಡಿದಳು.

"ಮೊದಲ ಆ ಟವಲ್ ಬಿಚ್ಚಿ ಮಾತಾಡು. ನಿನ್ನ ಮೂಗಿಗೆ ಎರಡು ಸುತ್ತು ಸುತ್ಕೊಂಡು, ಅದಕ್ಕ ಮೋಕಳೀಕ ಉಸುರಾಡು ಅಂತೀಯಲ್ಲೋ."