ಗಿರಿಜವ್ವನ ಕವಡೆ

“ಇವರು ದಿನಾ ಟೈಮ್‌ಪಾಸ್‌ಗೆ ಏನ್ ಮಾಡ್ತಾರೆ, ಅಜ್ಜಿ?”

ಕಳೆದ ವಾರ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಡಾಕ್ಟರಮ್ಮ ಕೇಳಿದ ಪ್ರಶ್ನೆ ಇದು. ಕೇಳಿದ್ದು ನನ್ನ ನೆಗೆಣ್ಣಿ ಗಿರಿಜವ್ವನ ಬಗ್ಗೆ. ನನ್ನ ಮೈದುನನ ಹೆಂಡತಿ. ಹರಿಹರದ ಒಂದೇ ಮನೆಯಲ್ಲಿ ನಲವತ್ತು ವರ್ಷ ಒಟ್ಟಿಗೆ ಬಾಳಿದವರು ನಾವು. ಅವಳಿಗೆ ಬಿ.ಪಿ. ಏರಿದೆ, ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಸ್ಕ್ಯಾನಿಂಗಿನಲ್ಲಿ ಮಾತ್ರ ಏನೂ ಇಲ್ಲ.

“ಗೋಡೆ ನೋಡ್ತಾಳೆ” ಎಂದೆ.

ಡಾಕ್ಟರಮ್ಮ ನಕ್ಕರು. ನಾನು ಜೋಕ್ ಹೇಳಿರಲಿಲ್ಲ.

“ಮೊದಲು ಏನಾದ್ರೂ ಹವ್ಯಾಸ ಇತ್ತಾ?”

ಇತ್ತು. ಚೌಕಾಬಾರ. ಮಧ್ಯಾಹ್ನದ ಪಾತ್ರೆ ತೊಳೆದರೆ ಮನೆ ಮುಂದಿನ ಕಟ್ಟೆಗೆ ಇಬ್ಬರೂ ಹಾಜರ್. ಕಟ್ಟೆಯ ಕಲ್ಲಿನ ಮೇಲೇ ಆಟದ ಮನೆಗಳನ್ನು ಕೊರೆದಿದೆ. ನಾಲ್ಕು ಕವಡೆ, ಕಾಯಿಗೆ ಬಳೆ ಚೂರು. ಗೊತ್ತಾಗದಂತೆ ಕಾಯಿ ಸರಿಸುವುದರಲ್ಲಿ ಅವಳು ಎತ್ತಿದ ಕೈ. ನನ್ನ ಕಾಯಿ ಹೊಡೆದರೆ, “ನಿನ್ ಕಾಯಿಗೂ ಮೊಣಕಾಲು ನೋವೇನಕ್ಕ? ಓಡಂಗೇ ಇಲ್ಲ!” ಎನ್ನುತ್ತಿದ್ದಳು.

ಆಗ ನಮಗೆ ಬಿ.ಪಿ. ಇರಲಿಲ್ಲವೇ? ಇದ್ದಿರಬಹುದು. ತೋರಿಸಲು ಪುರಸೊತ್ತಿರಲಿಲ್ಲ.

ಆಟ ನಿಲ್ಲಿಸಿದ್ದು ಯಾರು ಎಂದು ಡಾಕ್ಟರಮ್ಮ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ. ನಿಮಗೆ ಹೇಳುತ್ತೇನೆ. ನಾನೇ.

ಮೈದುನ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. (ವರ್ಷ ತುಂಬುವ ತನಕ ಹಬ್ಬ ಇಲ್ಲ, ಹೊಸ ಸೀರೆ ಇಲ್ಲ ಎನ್ನುವುದು ನಮ್ಮ ಮನೆಯ ಪದ್ಧತಿ. ಅದರಲ್ಲಿ ಆಟದ ಮಾತು ಎಲ್ಲೂ ಇರಲಿಲ್ಲ. ಸೇರಿಸಿದವಳು ನಾನು.) ಗಿರಿಜವ್ವ ತಾನಾಗಿ ಬಂದು ಕಟ್ಟೆಯ ಮೇಲೆ ಕೂತಳು. ಕವಡೆ ಹಾಕಿದಳು. ಎಂಟು ಬಿತ್ತು, ಆಟದಲ್ಲೇ ದೊಡ್ಡ ಗರ. “ಬಾರಾ!” ಎಂದು ಕೂಗಿ ನಕ್ಕಳು.

ಎದುರು ಮನೆಯವಳು ಬಟ್ಟೆ ಹರವುವುದನ್ನು ಬಿಟ್ಟು ನೋಡಿದಳು.

ನಾನು ಕವಡೆ ಬಳಿದು ಸೆರಗಿಗೆ ಹಾಕಿಕೊಂಡೆ. “ಗಂಡ ಸತ್ತು ತಿಂಗ್ಳಾಗಿಲ್ಲ, ಹಲ್ಲು ಕಿಸೀತೀಯಲ್ಲ. ಜನ ನೋಡ್ತಾರೆ. ವರ್ಷ ತುಂಬ್ಲಿ. ಒಳಗ್ ನಡಿ.”

ನಡೆದಳು.

ನೋಡಿ, ಸತ್ತವರ ಮನೆಯಲ್ಲಿ ಯಾರಾದರೂ ಊಟ ಬಿಟ್ಟರೆ ಒತ್ತಾಯ ಮಾಡಿ ಉಣ್ಣಿಸುತ್ತೇವೆ. ನಕ್ಕರೆ ಮಾತ್ರ ಕಸಿದುಕೊಳ್ಳುತ್ತೇವೆ. ಯಾಕೆ? ನಗು ಹೊಟ್ಟೆಗೆ ಬೇಡವೇ?

ವರ್ಷ ತುಂಬಿದ ಮರುದಿನವೇ ಕರೆದೆ. “ಬ್ಯಾಡ ಬಿಡಕ್ಕ” ಎಂದಳು. ಮತ್ತೆ ಕರೆದೆ. ಬೈದೆ. ಅಷ್ಟರಲ್ಲಿ ಅವಳಿಗೆ ಗೋಡೆ ರೂಢಿಯಾಗಿತ್ತು. ಅದಾಗಿ ಈಗ ಮೂರು ವರ್ಷ.

ಡಾಕ್ಟರಮ್ಮ ಮೂರು ಗುಳಿಗೆ ಬರೆದು, ಕೆಳಗೆ ಇನ್ನೊಂದು ಸಾಲು ಗೀಚಿದರು. ಮೆಡಿಕಲ್ ಶಾಪಿನವನು ಚೀಟಿ ಓದಿದ. “ಮೂರು ಐತ್ರಿ ಅಜ್ಜಿ. ನಾಲ್ಕನೇದು ‘ದಿನಾ ಒಂದು ತಾಸು ಆಟ’ ಅಂತೈತೆ. ಅದು ಸ್ಟಾಕ್ ಇಲ್ರಿ.”

ಮನೆಗೆ ಬಂದವಳೇ ಗಿರಿಜವ್ವನನ್ನು ಎಳೆದು ತಂದು ಕಟ್ಟೆಯ ಮೇಲೆ ಕೂರಿಸಿದೆ. ಕವಡೆಗಳನ್ನು ಅವಳ ಅಂಗೈಗೆ ಸುರಿದೆ. “ಹಾಕೆ. ಡಾಕ್ಟ್ರೇ ಹೇಳ್ಯಾರೆ.”

ಹಾಕಿದಳು. ಎರಡು ಬಿತ್ತು. ಕಾಯಿ ನಡೆಸಲಿಲ್ಲ. ಎದುರು ಮನೆಯ ಕಡೆ ನೋಡಿದಳು. ಆ ಮನೆಯವರು ಖಾಲಿ ಮಾಡಿ ಹೋಗಿ ಎಷ್ಟೋ ಕಾಲವಾಗಿದೆ. ಬಾಗಿಲಿಗೆ ಬೀಗ.

“ಜನ ನೋಡ್ತಾರಕ್ಕ” ಎಂದು ಎದ್ದು ಒಳಗೆ ಹೋದಳು.

ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನೋಡುತ್ತಿದ್ದ ಜನ ನಾನೊಬ್ಬಳೇ.